ದೋಣಿಯಿಂದ ಹಕ್ಕಿಯ ಚಿತ್ರ

ವಿದ್ಯಾರ್ಥಿಗಳೇ, ನಮ್ಮಲ್ಲಿ ಬಹಳಷ್ಟು ಮನೆತನಗಳು ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳ ಕಡೆಯಿಂದ ಗೋವೆಗೆ ಬಂದು ನೆಲೆಸಿದವು. ಬಯಲುಸೀಮೆಯವರಾದ ನಮಗೆ ನೀರೆಂದರೆ ಕೆರೆ, ಬಾವಿ, ಹಳ್ಳ. ಇಲ್ಲಿಯ ನೀರಿನ ರೀತಿಯೇ ಬೇರೆ. ಆದರೆ ಇಲ್ಲಿಯ ಮಾಂಡವಿ ನಮಗೆ ಪರಕೀಯಳಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು ಸಮುದ್ರ ಸೇರುತ್ತಾಳೆ. ಅವಳ ಮಡಿಲಿನಲ್ಲಿರುವ ಚೋಡಣ ದ್ವೀಪಕ್ಕೆ ರಾಯಬಂದರದಿಂದ ಫೆರಿ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಆ ದ್ವೀಪದ ಪಶ್ಚಿಮ ತುದಿಯಲ್ಲಿ ಡಾ. ಸಲೀಂ ಅಲಿ ಪಕ್ಷಿಧಾಮವಿದೆ. ೧೮೯೬ರಲ್ಲಿ ಹುಟ್ಟಿ ೧೯೮೭ರಲ್ಲಿ ತೀರಿಕೊಂಡ ಆ ಮಹಾ ಪಕ್ಷಿತಜ್ಞರ ಹೆಸರನ್ನು ಹೊತ್ತ ಈ ಧಾಮ ೧೯೮೮ರಲ್ಲಿ ಸ್ಥಾಪನೆಯಾಯಿತು. ವಿಸ್ತಾರ ಕೇವಲ ೧.೭೮ ಚದರ ಕಿಲೋಮೀಟರು. ಅಲ್ಲಿಯ ಕಾಂಡ್ಲಾ ಕಾಡಿನ ನಡುವೆ ಹರಿಯುವ ಕಾಲುವೆಗಳಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆಯುವವರನ್ನು ಕಾಣಬಹುದು. ಅದರ ಕ್ರಮವೇನು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ದೋಣಿಯೇ ಏಕೆ?

ಎರಡು ಕಾಲಿನ ಮೇಲೆ ನೆಟ್ಟಗೆ ನಡೆದು ಬರುವ ಮನುಷ್ಯನ ಆಕಾರವನ್ನು ಹಕ್ಕಿ ದೂರದಿಂದಲೇ ಗುರುತಿಸುತ್ತದೆ. ದಡದ ಮೇಲೆ ಒಣಗಿದ ಎಲೆಯ ಸದ್ದಾಗುತ್ತದೆ, ಕೆಸರಿನಲ್ಲಿ ಹೆಜ್ಜೆಯ ಸದ್ದಾಗುತ್ತದೆ. ಚಿಕ್ಕ ದೋಣಿಯಲ್ಲಿ ಕುಳಿತವನಾದರೋ ನೀರಿನ ಮಟ್ಟಕ್ಕೆ ಇಳಿದಿರುತ್ತಾನೆ. ಅವನ ಆಕಾರ ತಗ್ಗಿರುತ್ತದೆ, ಸದ್ದೂ ಕಡಿಮೆ. ಕಯಾಕ್ ಎಂಬ ಕಿರುದೋಣಿ ಹುಟ್ಟಿದ್ದೇ ಈ ಗುಣಕ್ಕಾಗಿ. ಉತ್ತರ ಧ್ರುವದ ಬಳಿಯ ಬೇಟೆಗಾರರು ಕಟ್ಟಿಗೆ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಅದನ್ನು ಮಾಡುತ್ತಿದ್ದರು. ಸದ್ದಿಲ್ಲದೆ ಬೇಟೆಯ ಹತ್ತಿರ ಸಾಗುವುದೇ ಅದರ ಉದ್ದೇಶ.

ಬೇಟೆಯ ದೋಣಿ ಕ್ಯಾಮರಾದ ದೋಣಿಯಾದುದಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಜಾರ್ಜ್ ಶಿರಾಸ್ ಎಂಬ ವಕೀಲರು ಮೊದಲು ಬೇಟೆಗಾರರಾಗಿದ್ದರು. ಆಮೇಲೆ ಬಂದೂಕನ್ನು ಬಿಟ್ಟು ಕ್ಯಾಮರಾ ಹಿಡಿದರು. ಮಿಷಿಗನ್ ಪ್ರಾಂತದ ಸರೋವರದಲ್ಲಿ ರಾತ್ರಿ ದೋಣಿಯ ಮುಂಭಾಗದಲ್ಲಿ ದೀಪವಿಟ್ಟು, ನೀರು ಕುಡಿಯಲು ಬಂದ ಜಿಂಕೆಗಳ ಚಿತ್ರಗಳನ್ನು ತೆಗೆದರು. ೧೯೦೬ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಅವರ ೭೪ ಚಿತ್ರಗಳು ಅಚ್ಚಾದವು. ನಮ್ಮ ಕನ್ನಡ ನಾಡಿನಲ್ಲಿಯೂ ಇಂಥವರಿಗೆ ಕೊರತೆಯಿಲ್ಲ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದರು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ೧೯೪೦ರಲ್ಲಿ ಪಕ್ಷಿಧಾಮವಾಯಿತು; ಹಾಗಾಗಲು ಸಲಹೆಯಿತ್ತವರು ಇದೇ ಸಲೀಂ ಅಲಿಯವರು. ಅಲ್ಲಿ ಇಂದಿಗೂ ಅಂಬಿಗರು ಹುಟ್ಟು ಹಾಕುತ್ತ ಜನರನ್ನು ಕೊಕ್ಕರೆಗಳ ನಡುಗಡ್ಡೆಯ ಸಮೀಪ ಒಯ್ಯುತ್ತಾರೆ.

ಕ್ರಮ ಹೇಗೆ?

ಒಂದು: ನೀರಿನ ವೇಳೆ ತಿಳಿದಿರಬೇಕು. ಚೋಡಣದ ಕಾಲುವೆಗಳಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ದೋಣಿ ಒಳಗೆ ಹೋಗುತ್ತದೆ. ಇಳಿತದಲ್ಲಿ ಕೆಸರು ತೆರೆದುಕೊಂಡು ಹಕ್ಕಿಗಳು ಮೇಯಲು ಇಳಿಯುತ್ತವೆ, ಆದರೆ ದೋಣಿ ಕೆಸರಿನಲ್ಲಿ ಸಿಕ್ಕಿಕೊಳ್ಳಬಹುದು. ಈ ವೇಳೆ ದಿನಕ್ಕೆ ಸುಮಾರು ೫೦ ನಿಮಿಷ ಮುಂದಕ್ಕೆ ಹೋಗುತ್ತದೆ.

ಎರಡು: ಹಕ್ಕಿಯ ಕಡೆಗೆ ನೇರವಾಗಿ ಸಾಗಬಾರದು. ಓರೆಯಾಗಿ ಸಾಗಿ, ದೂರದಲ್ಲಿಯೇ ಹುಟ್ಟನ್ನು ತೊಡೆಯ ಮೇಲಿಟ್ಟು, ದೋಣಿ ತಾನಾಗಿ ತೇಲುವಂತೆ ಬಿಡಬೇಕು. ಎತ್ತಿದ ಹುಟ್ಟು ಬಿಸಿಲಿಗೆ ಮಿಂಚಿದರೂ ಹಕ್ಕಿ ಬೆದರುತ್ತದೆ.

ಮೂರು: ಬೆಳಗಿನ ಸೂರ್ಯ ನಮ್ಮ ಬೆನ್ನಿಗಿರಲಿ. ದೋಣಿ ಅಲುಗಾಡುವುದರಿಂದ ಅದರಲ್ಲಿ ಮೂರು ಕಾಲಿನ ಸ್ಟ್ಯಾಂಡಿನಿಂದ ಹೆಚ್ಚು ಪ್ರಯೋಜನವಿಲ್ಲ. ಮೊಣಕೈಗಳನ್ನು ಮೈಗೊತ್ತಿ ಹಿಡಿದು, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ವೇಗದಲ್ಲಿ ಚಿತ್ರ ತೆಗೆದರೆ ಅದು ಮಸುಕಾಗುವುದಿಲ್ಲ.

ನಾಲ್ಕು: ಕಪ್ಪು ಕಾಂಡ್ಲಾದ ಮುಂದೆ ಬೆಳ್ಳಕ್ಕಿ ನಿಂತಾಗ ಕ್ಯಾಮರಾ ಮೋಸಹೋಗುತ್ತದೆ. ನೋಟವೆಲ್ಲ ಕತ್ತಲೆಯೆಂದು ಬಗೆದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಹಕ್ಕಿ ಬರೀ ಬಿಳಿಯ ತೇಪೆಯಾಗಿ, ಗರಿಗಳೇ ಕಾಣದಂತಾಗುತ್ತವೆ. ಆಗ ಬೆಳಕನ್ನು ಕಡಿಮೆ ಮಾಡಬೇಕು.

ಐದು: ಪ್ರಾಣರಕ್ಷಕ ಜಾಕೀಟು ತೊಡದೆ, ತಿಳಿದ ಅಂಬಿಗರಿಲ್ಲದೆ ಯಾರೂ ದೋಣಿ ಹತ್ತಬಾರದು. ಚೋಡಣಕ್ಕೆ ದೂರವಲ್ಲದ ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯಬಾರದು.

ಎಷ್ಟು ಹತ್ತಿರ ಹೋಗಬೇಕು?

ಇದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಹಕ್ಕಿ ಮೇವು ನಿಲ್ಲಿಸಿ ಕತ್ತು ನಿಗುರಿಸಿತೆಂದರೆ ನಾವು ನಿಲ್ಲಬೇಕು. ಮೈ ಕುಗ್ಗಿಸಿ ಹಾರಲು ಸಿದ್ಧವಾಯಿತೆಂದರೆ ನಾವು ಆಗಲೇ ಮಿತಿ ಮೀರಿದ್ದೇವೆ, ಹಿಂದಕ್ಕೆ ಸರಿಯಬೇಕು. ಗೂಡಿನ ಬಳಿಗಂತೂ ಹೋಗಲೇಬಾರದು. ತಾಯಿಹಕ್ಕಿ ಬೆದರಿ ಎದ್ದರೆ ಗೂಡಿನಲ್ಲಿರುವ ಮರಿಗಳು ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲಿಯೇ ಬಳಲುತ್ತವೆ. ಕಾಗೆ, ಹದ್ದುಗಳು ಅಂಥ ಗಳಿಗೆಯನ್ನೇ ಕಾಯುತ್ತಿರುತ್ತವೆ. ಚಿತ್ರ ನಮ್ಮ ಕೈಗೆ ಬಂತು, ಮರಿ ಹಕ್ಕಿಯ ಕೈ ತಪ್ಪಿತು ಎಂದಾದರೆ ಆ ಚಿತ್ರದಿಂದ ಏನು ಫಲ? ನಮ್ಮ ದೇಶದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಶಬ್ದಕ್ಕೆ ಅರ್ಥ ಹೇಳುವಾಗ, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡನ್ನು ಕೆದಕುವುದನ್ನೂ ಅದರಲ್ಲಿ ಸೇರಿಸಿದೆ. ಅಂದರೆ ಕೈಯಲ್ಲಿ ಬಂದೂಕಿಲ್ಲದ ಮಾತ್ರಕ್ಕೆ ನಾವು ಬೇಟೆಗಾರರಲ್ಲವೆಂದು ಹೇಳಿಕೊಳ್ಳುವಂತಿಲ್ಲ.

ನಮ್ಮ ಮನೆಗಳಲ್ಲಿ ಬೆಲೆಬಾಳುವ ಕ್ಯಾಮರಾ ಎಲ್ಲಿಂದ ಬರಬೇಕೆಂದು ಪಾಲಕರು ಕೇಳಬಹುದು. ಇಂದು ಮನೆಗೊಂದು ಮೊಬೈಲ್ ಫೋನು ಇದ್ದೇ ಇದೆ. ಅದರಲ್ಲಿ ದೂರದ ಹಕ್ಕಿ ಚುಕ್ಕೆಯಾಗಿ ಕಂಡೀತು. ಹಾಗೆಂದು ಹಕ್ಕಿಯ ಮೈಮೇಲೆ ಹೋಗುವುದು ಬೇಡ. ನೀರು, ಕಾಡು, ಬೆಳಕುಗಳ ನಡುವೆ ಚಿಕ್ಕದಾಗಿ ನಿಂತ ಹಕ್ಕಿಯ ಚಿತ್ರವೂ ಸತ್ಯವಾದ ಚಿತ್ರವೇ. ಅದು ಯಾವ ಜಾಗದಲ್ಲಿ ಬಾಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಫೋನೂ ಇಲ್ಲದವರಿಗೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು. ರೆಪ್ಪೆ ಮಿಟುಕಿಸದೆ ಹತ್ತು ನಿಮಿಷ ನೋಡಬಲ್ಲ ಕಣ್ಣನ್ನು ಅಂಗಡಿಯಲ್ಲಿ ಕೊಳ್ಳಲಾಗದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ನೋಡುವವನಿಗೂ ಸಲ್ಲುತ್ತದೆ, ಹಕ್ಕಿಗೂ ಸಲ್ಲುತ್ತದೆ.

ಅಭ್ಯಾಸ

೧. ನಿಮ್ಮ ಮನೆಯ ಸುತ್ತ ಕಾಣುವ ಐದು ಹಕ್ಕಿಗಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಅವುಗಳ ಕೊಂಕಣಿ ಹೆಸರುಗಳನ್ನು ನೆರೆಯವರಿಂದ ಕೇಳಿ ತಿಳಿಯಿರಿ.

೨. ಒಂದು ಹಕ್ಕಿಯನ್ನು ಒಂದೇ ಜಾಗದಲ್ಲಿ ಕುಳಿತು ಹತ್ತು ನಿಮಿಷ ನೋಡಿ, ಅದು ಮಾಡಿದುದನ್ನೆಲ್ಲ ಕ್ರಮವಾಗಿ ಬರೆಯಿರಿ.

೩. ‘ಕ್ಯಾಮರಾ ಹಿಡಿದವನೂ ಬೇಟೆಗಾರನಾಗಬಲ್ಲ’ – ಈ ಮಾತನ್ನು ಮನೆಯಲ್ಲಿ ತಂದೆತಾಯಿಗಳೊಡನೆ ಚರ್ಚಿಸಿರಿ.