ನಾಯಿಯ ವಸಡು ಬೆಳ್ಳಗಾದರೆ: ತನ್ನ ರಕ್ತವನ್ನೇ ಒಡೆಯುವ ಒಂದು ರೋಗ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೆಳೆಗಾರರಿಗೂ ಕುರಿಗಾರರಿಗೂ ನಾಯಿಯೆಂದರೆ ಸಂಬಳವಿಲ್ಲದ ಕಾವಲುಗಾರ. ಅಂಥ ನಾಯಿ ಅನ್ನ ಬಿಟ್ಟು, ಕಣ್ಣು ಹಳದಿಯಾಗಿ ಮಲಗಿತೆಂದರೆ ‘ಕಾಮಾಲೆ’ ಎಂದು ಸೊಪ್ಪಿನ ರಸ ಹಿಂಡಿ ನಾಲ್ಕು ದಿನ ನೋಡುವುದು ನಮ್ಮಲ್ಲಿ ರೂಢಿ. ಕೆಲವು ರೋಗಗಳಲ್ಲಿ ಆ ನಾಲ್ಕು ದಿನವೇ ಪ್ರಾಣಕ್ಕೆ ಎರವಾಗುತ್ತದೆ. ಅಂಥ ಒಂದು ಅಪರೂಪದ ರೋಗವನ್ನು ಇಲ್ಲಿ ತಿಳಿದುಕೊಳ್ಳೋಣ.

ರೋಗವೇನು?

ನಾಯಿಯ ಕೆಂಪು ರಕ್ತಕಣ ಸುಮಾರು ನಾಲ್ಕು ತಿಂಗಳು ಬಾಳುತ್ತದೆ. ಹೊರಗಿನ ರೋಗಾಣುಗಳನ್ನು ಕೊಲ್ಲಬೇಕಾದ ರೋಗನಿರೋಧಕ ಶಕ್ತಿಯು ದಾರಿ ತಪ್ಪಿದರೆ ಈ ಕಣಗಳನ್ನೇ ವೈರಿಯೆಂದು ಒಡೆದುಹಾಕುತ್ತದೆ. ಕೆಲವು ನಾಯಿಗಳಲ್ಲಿ ಇದಕ್ಕೆ ಕಾರಣವೇ ಸಿಗುವುದಿಲ್ಲ. ಇನ್ನು ಕೆಲವುಗಳಲ್ಲಿ ಉಣ್ಣಿಯಿಂದ ಬರುವ ಬೆಬೇಸಿಯಾದಂಥ ಸೋಂಕು ಇದನ್ನು ಕೆರಳಿಸುತ್ತದೆ.

ಲಕ್ಷಣಗಳು

ವಸಡು ಬಿಳುಚಿಕೊಳ್ಳುವುದು, ನಾಲ್ಕು ಹೆಜ್ಜೆಗೇ ಏದುಸಿರು, ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ. ಇಲಿಜ್ವರದಲ್ಲಿಯೂ ಹಳದಿ ಕಾಣುವುದುಂಟು. ಅದು ಮೂತ್ರದಿಂದ ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬಾರದು.

ಪತ್ತೆ ಹೇಗೆ?

1. ರಕ್ತದಲ್ಲಿ ಕಣಗಳ ಪಾಲು ಶೇಕಡ 37ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ.
2. ಗಾಜಿನ ಮೇಲೆ ಒಂದು ತೊಟ್ಟು ರಕ್ತಕ್ಕೆ ಸಲೈನ್ ಬೆರೆಸಿದರೂ ಕಣಗಳು ಗಂಟುಗಟ್ಟಿಯೇ ಉಳಿದರೆ ಈ ರೋಗದ ಸಂಶಯ ಬಲವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಪುಟ್ಟ ಗುಂಡು ಕಣಗಳನ್ನೂ ಉಣ್ಣಿಜ್ವರದ ರೋಗಾಣುಗಳನ್ನೂ ಹುಡುಕುತ್ತಾರೆ.
3. ಈರುಳ್ಳಿ ತಿಂದ ನಾಯಿಯಲ್ಲೂ ಕೆಂಪುಕಣ ಒಡೆಯುತ್ತದೆ. ಈರುಳ್ಳಿ ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಮುಖ್ಯ. ನಾಯಿ ಏನು ತಿಂದಿತು, ಯಾವ ಮಾತ್ರೆ ನುಂಗಿತು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಚಿಕಿತ್ಸೆ

ಮುಖ್ಯ ಔಷಧ ಪ್ರೆಡ್ನಿಸೋಲೋನ್. ಆರಂಭದಲ್ಲಿ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 2 ಮಿಲಿಗ್ರಾಂ. ದೊಡ್ಡ ನಾಯಿಗೆ ಇದಕ್ಕಿಂತ ಕಡಿಮೆ. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಉಣ್ಣಿಜ್ವರವಿದ್ದರೆ ಅದಕ್ಕೆ ಬೇರೆಯೇ ಔಷಧ ಬೇಕು; ಅದನ್ನು ನೋಡದೆ ಬರಿಯ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಬಲಿಯಬಹುದು. ರಕ್ತ ತೀರ ಇಳಿದಿದ್ದರೆ ಬೇರೊಂದು ಆರೋಗ್ಯವಂತ ನಾಯಿಯ ರಕ್ತ ಕೊಡಬೇಕಾಗುತ್ತದೆ. ಇದಕ್ಕಾಗಿ ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರೆಗೂ ಹೋಗಬೇಕಾಗಬಹುದು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಅಡ್ಡವಾಗುವ ಭಯವಿರುವುದರಿಂದ ಅದನ್ನು ತಡೆಯುವ ಔಷಧವನ್ನೂ ಸೇರಿಸುತ್ತಾರೆ. ಇಷ್ಟಾದರೂ ಕೆಲವು ನಾಯಿಗಳು ಮೊದಲ ಎರಡು ವಾರದಲ್ಲೇ ಸಾಯುತ್ತವೆ. ಆ ಗಂಡಾಂತರ ದಾಟಿದವು ಬಹುಮಟ್ಟಿಗೆ ಉಳಿಯುತ್ತವೆ.

ನಮ್ಮ ಹೊಣೆ

ನಾಯಿ ಗೆಲುವಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು, ರೋಗ ಮರುಕಳಿಸುತ್ತದೆ. ರಕ್ತ ಪರೀಕ್ಷಿಸುತ್ತ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ನಾಯಿಯ ಉಣ್ಣಿ ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ ನಾಯಿಯ ಮೈಯ ಜೊತೆಗೆ ಅದು ಮಲಗುವ ಜಾಗವನ್ನೂ ಶುಚಿಮಾಡಬೇಕು.

ವಾರಕ್ಕೊಮ್ಮೆ ನಾಯಿಯ ತುಟಿ ಎತ್ತಿ ವಸಡು ನೋಡಿರಿ. ಗುಲಾಬಿ ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಸೊಪ್ಪಿಗಾಗಿ ಅಲೆಯದೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.