ಸಸಿಗೆ ಬಿಸಿಲು ಕಲಿಸೋಣ

ಮಕ್ಕಳೇ, ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ.

ಯುಗಾದಿ ಕಳೆದಿದೆ. ನಿಮ್ಮ ಮನೆ ಇರುವುದು ತುಮಕೂರು ನಗರದಲ್ಲಿ. ತೆಂಗಿನ ಚಿಪ್ಪುಗಳಿಗೆ ಮಣ್ಣು ಗೊಬ್ಬರ ತುಂಬಿ, ಟೊಮೆಟೊ ಬೀಜ ಹಾಕಿ, ಕೋಣೆಯ ಕಿಟಕಿಯ ಬಳಿ ಇಟ್ಟಿದ್ದಿರಿ. ದಿನವೂ ನೀರು ಚಿಮುಕಿಸಿದ್ದಿರಿ. ತಿಂಗಳು ತುಂಬುವ ಹೊತ್ತಿಗೆ ಗೇಣುದ್ದದ ಸಸಿಗಳು ಬಂದವು. ‘ಇನ್ನು ಇವಕ್ಕೆ ಬಿಸಿಲು ಬೇಕು’ ಎಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ತಾರಸಿಯ ಮೇಲೆ ಇಟ್ಟಿರಿ. ಸಂಜೆ ಹೋಗಿ ನೋಡಿದರೆ ಎಲೆಗಳ ಮೇಲೆ ಬಿಳಿ ಕಲೆಗಳು. ಕಾಂಡ ಬಾಗಿ ನೆಲ ಮುಟ್ಟಿದೆ. ಎರಡು ದಿನದಲ್ಲಿ ಸಸಿಗಳೆಲ್ಲ ಒಣಗಿಹೋದವು.

ನೀರು ಹಾಕಿದ್ದಿರಿ. ಮಣ್ಣು ಇನ್ನೂ ಹಸಿಯಾಗಿಯೇ ಇತ್ತು. ಹಾಗಾದರೆ ಸಸಿಗಳು ಏಕೆ ಸತ್ತವು?

ಒಳಗಿನ ಬೆಳಕು, ಹೊರಗಿನ ಬೆಳಕು

ಬೆಳಕಿನ ಪ್ರಮಾಣವನ್ನು ‘ಲಕ್ಸ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು 1,00,000 ಲಕ್ಸ್ ಇರುತ್ತದೆ. ಮನೆಯೊಳಗೆ ಅದು ಕೆಲವು ನೂರು ಲಕ್ಸ್ ಮಾತ್ರ. ಕಿಟಕಿಯ ಪಕ್ಕ ಹೆಚ್ಚೆಂದರೆ ಕೆಲವು ಸಾವಿರ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ಇಷ್ಟು ದೊಡ್ಡದೆಂದು ನಮಗೆ ತಿಳಿಯುವುದಿಲ್ಲ. ಆದರೆ ಸಸಿಗೆ ತಿಳಿಯುತ್ತದೆ.

ನೆರಳಿನಲ್ಲಿ ಹುಟ್ಟಿದ ಎಲೆ ಅಗಲವಾಗಿ, ತೆಳ್ಳಗೆ ಇರುತ್ತದೆ. ಸಿಕ್ಕಷ್ಟು ಬೆಳಕನ್ನು ಹಿಡಿದುಕೊಳ್ಳಲು ಅದೇ ಸರಿ. ಎಲೆಯ ಮೇಲೆ ಮೇಣದಂಥ ಒಂದು ಪದರವಿರುತ್ತದೆ. ನೀರು ಆರಿಹೋಗದಂತೆ ಅದು ತಡೆಯುತ್ತದೆ. ನೆರಳಿನ ಎಲೆಯಲ್ಲಿ ಈ ಪದರವೂ ತೆಳು. ಇಂಥ ಎಲೆಯನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎರಡು ತೊಂದರೆಗಳಾಗುತ್ತವೆ.

ಮೊದಲನೆಯದು, ಬಿಸಿಲು ಮತ್ತು ಗಾಳಿಗೆ ಎಲೆಯಿಂದ ನೀರು ಬೇಗ ಆವಿಯಾಗುತ್ತದೆ. ಎಳೆಯ ಬೇರು ಅಷ್ಟು ವೇಗವಾಗಿ ನೀರು ಹೀರಲಾರದು. ಹೀಗಾಗಿ ಮಣ್ಣು ಹಸಿಯಾಗಿದ್ದರೂ ಸಸಿ ಬಾಡುತ್ತದೆ. ಎರಡನೆಯದು, ಆಹಾರ ತಯಾರಿಸಲು ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಎಲೆಯ ಮೇಲೆ ಬೀಳುತ್ತದೆ. ಈ ಹೆಚ್ಚುವರಿ ಶಕ್ತಿಯಿಂದ ಎಲೆಯ ಹಸಿರು, ಅಂದರೆ ಪತ್ರಹರಿತ್ತು, ಹಾಳಾಗುತ್ತದೆ. ನೀವು ಕಂಡ ಬಿಳಿ ಕಲೆ ಇದೇ.

ಗಾಳಿಯೂ ಗುರು

ಮನೆಯೊಳಗೆ ಗಾಳಿ ಬೀಸುವುದಿಲ್ಲ. ಅಲ್ಲಾಡದೆ ಬೆಳೆದ ಸಸಿಯ ಕಾಂಡ ಉದ್ದವಾಗಿ ಸಣಕಲಾಗಿರುತ್ತದೆ. ಗಾಳಿಗೆ ಓಲಾಡುತ್ತ ಬೆಳೆದ ಸಸಿ ಕುಳ್ಳಗೆ, ದಪ್ಪಗೆ, ಗಟ್ಟಿಯಾಗಿರುತ್ತದೆ. ಅಮೆರಿಕದ ಸಸ್ಯವಿಜ್ಞಾನಿ ಮಾರ್ಕ್ ಜಾಫೆ ಸಸಿಗಳ ಕಾಂಡವನ್ನು ದಿನವೂ ಮೆಲ್ಲಗೆ ಉಜ್ಜಿ ಇದನ್ನು ಪರೀಕ್ಷಿಸಿದರು. ಮುಟ್ಟಿಸಿಕೊಂಡ ಸಸಿಗಳು ಮುಟ್ಟದೆ ಬಿಟ್ಟವಕ್ಕಿಂತ ಗಿಡ್ಡವಾಗಿ ಬೆಳೆದವು. 1973ರಲ್ಲಿ ಅವರು ಈ ಗುಣಕ್ಕೆ ಒಂದು ವೈಜ್ಞಾನಿಕ ಹೆಸರನ್ನೂ ಕೊಟ್ಟರು.

ದಿನಕ್ಕಿಷ್ಟು ಬಿಸಿಲು

ಬಿಸಿಲು ಸಸಿಯ ವೈರಿಯಲ್ಲ. ಒಮ್ಮೆಲೇ ಬೀಳುವ ಬಿಸಿಲು ವೈರಿ. ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಡ್ಡಿದರೆ ಎಲೆಯ ಮೇಣದ ಪದರ ದಪ್ಪವಾಗುತ್ತದೆ. ಹೊಸ ಎಲೆಗಳು ಬಿಸಿಲಿಗೆ ತಕ್ಕಂತೆ ದಪ್ಪವಾಗಿಯೇ ಹುಟ್ಟುತ್ತವೆ. ಇದಕ್ಕೆ ಸಸಿಯನ್ನು ‘ಗಡುಸುಗೊಳಿಸುವುದು’ ಎನ್ನುತ್ತಾರೆ. ಸುಮಾರು ಹತ್ತು ದಿನ ಸಾಕು.

1–2ನೇ ದಿನ: ಬೆಳಿಗ್ಗೆ 8 ಗಂಟೆಗೆ ಹೊರಗಿಡಿ. ಶಾಲೆಗೆ ಹೊರಡುವ ಮೊದಲು, 9 ಗಂಟೆಗೆ, ಒಳಗೆ ತನ್ನಿ.
3–4ನೇ ದಿನ: ಬೆಳಿಗ್ಗೆ ಒಂದು ಗಂಟೆ, ಸಂಜೆ ಶಾಲೆಯಿಂದ ಬಂದ ಮೇಲೆ ಒಂದು ಗಂಟೆ.
5–6ನೇ ದಿನ: ಇಡೀ ದಿನ ಹೊಂಗೆ ಅಥವಾ ಬೇವಿನ ಮರದ ಕೆಳಗೆ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಷ್ಟೇ ಸಾಕು.
7–8ನೇ ದಿನ: ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬಿದ್ದು, ಆಮೇಲೆ ನೆರಳು ಬರುವ ಜಾಗದಲ್ಲಿ. ಗೋಡೆಯ ಪೂರ್ವದಿಕ್ಕು ಇದಕ್ಕೆ ಒಳ್ಳೆಯದು.
9–10ನೇ ದಿನ: ಹಗಲು ರಾತ್ರಿ ಹೊರಗೆ.

ಈ ದಿನಗಳಲ್ಲಿ ನೀರು ಸ್ವಲ್ಪ ಕಡಿಮೆ ಮಾಡಿ. ಮೇಲ್ಮಣ್ಣು ಒಣಗಿದ ಮೇಲೆ ಹಾಕಿದರಾಯಿತು. ಆದರೆ ಸಸಿ ಬಾಡಬಾರದು. ತಾರಸಿಯ ಸಿಮೆಂಟು ಬೇಗ ಕಾಯುವುದರಿಂದ ಚಿಪ್ಪುಗಳ ಕೆಳಗೆ ಹಲಗೆಯನ್ನೋ ಗೋಣಿಚೀಲವನ್ನೋ ಹಾಸಿ. ಹನ್ನೊಂದನೆಯ ದಿನ ಸಂಜೆ ಸಸಿಗಳನ್ನು ಪಾತಿಯಲ್ಲಿ ನೆಡಿ. ಸಂಜೆ ನೆಟ್ಟರೆ ಬೇರಿಗೆ ಒಂದು ರಾತ್ರಿಯ ತಂಪು ಸಿಗುತ್ತದೆ.

ಗುಬ್ಬಿಯ ಅಡಿಕೆ, ಕುಣಿಗಲ್ಲಿನ ರಾಗಿ

ಈ ಪಾಠ ನಮ್ಮ ರೈತರಿಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಅಡಿಕೆ ತೋಟಕ್ಕೆ ಹೋಗಿ ನೋಡಿ. ಎಳೆಯ ಅಡಿಕೆ ಗಿಡಗಳ ನಡುವೆ ಬಾಳೆ ಕಾಣುತ್ತದೆ. ಬಾಳೆ ಹಣ್ಣಿಗಾಗಿ ಮಾತ್ರ ಅಲ್ಲ, ನೆರಳಿಗಾಗಿಯೂ ಹೌದು. ಮಧ್ಯಾಹ್ನದ ನಂತರ ನೈಋತ್ಯ ದಿಕ್ಕಿನಿಂದ ಬೀಳುವ ಬಿಸಿಲಿಗೆ ಎಳೆಯ ಅಡಿಕೆಯ ಎಲೆ ಮತ್ತು ಕಾಂಡ ಸುಡುತ್ತವೆ. ಟೊಮೆಟೊಗೆ ಹತ್ತು ದಿನದ ರಕ್ಷಣೆ ಸಾಕಾದರೆ ಅಡಿಕೆಗೆ ಕೆಲವು ವರ್ಷಗಳೇ ಬೇಕು.

ಕುಣಿಗಲ್ ಕಡೆಯ ಹೊಲದಲ್ಲಿ ಬೇರೆಯೇ ನೋಟ. ಅಲ್ಲಿ ರಾಗಿ ನಾಟಿ ಮಾಡುವವರು ಮೊದಲು ಒಟ್ಲು ಬಿಡುತ್ತಾರೆ. ಸುಮಾರು ಮೂರು ವಾರದ ಪೈರನ್ನು ಕಿತ್ತು ನೇರವಾಗಿ ಹೊಲದಲ್ಲಿ ನೆಡುತ್ತಾರೆ. ಪೈರು ಎರಡು ಮೂರು ದಿನ ಮಲಗಿದಂತೆ ಕಂಡರೂ ಮತ್ತೆ ಎದ್ದು ನಿಲ್ಲುತ್ತದೆ. ರಾಗಿಗೆ ಈ ಹತ್ತು ದಿನದ ಪಾಠ ಏಕೆ ಬೇಡ? ಒಟ್ಲು ಇರುವುದೇ ಬಯಲಿನಲ್ಲಿ! ಮೊಳಕೆಯೊಡೆದ ದಿನದಿಂದ ಅದು ಬಿಸಿಲು ಗಾಳಿಯನ್ನು ಕಂಡಿದೆ. ಕೀಳುವಾಗ ಬೇರಿಗೆ ಆದ ನೋವನ್ನು ಮಾತ್ರ ಅದು ತಾಳಿಕೊಳ್ಳಬೇಕು.

ಯಾವ ಕಾಲ ಒಳ್ಳೆಯದು?

ಇಂಗ್ಲೆಂಡಿನಂಥ ಚಳಿಯ ನಾಡುಗಳಲ್ಲಿ ಮನೆಯೊಳಗೆ ಬೆಳೆಸಿದ ಸಸಿಗಳನ್ನು ವಸಂತದಲ್ಲಿ ಹೊರಗೆ ನೆಡುತ್ತಾರೆ. ಅಲ್ಲಿ ಸಸಿಗೆ ಮುಖ್ಯ ಅಪಾಯ ರಾತ್ರಿ ಬೀಳುವ ಹಿಮದ್ದು. ನಮ್ಮಲ್ಲಿ ವಸಂತವೆಂದರೆ ಬೇಸಿಗೆಯ ಬಾಗಿಲು. ಏಪ್ರಿಲ್‌ನಲ್ಲಿ ತುಮಕೂರಿನ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆದ್ದರಿಂದ ವಸಂತದಲ್ಲಿ ಸಸಿ ನೆಡುವವರು ಮಧ್ಯಾಹ್ನದ ನೆರಳಿಗೆ ಏರ್ಪಾಡು ಮಾಡಲೇಬೇಕು. ನಾಲ್ಕು ಕಡ್ಡಿ ನೆಟ್ಟು ಮೇಲೆ ತೆಂಗಿನ ಗರಿ ಹೊದಿಸಿದರೂ ಆದೀತು. ಅದಕ್ಕಿಂತ ಸುಲಭವಾದುದು ಮುಂಗಾರಿನ ತನಕ ಕಾಯುವುದು. ಮೋಡ ಕವಿದ ದಿನಗಳು ತಾವೇ ನೆರಳು ಕೊಡುತ್ತವೆ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ನೀವು ಕೇಳಿದ್ದೀರಿ. ಅವರು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಬಂದದ್ದು ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮಕ್ಕೆ. ಅವರು ಮತ್ತು ಪತಿ ಚಿಕ್ಕಯ್ಯನವರು ಹುಲಿಕಲ್‌ನಿಂದ ಕುದೂರಿನವರೆಗಿನ ರಸ್ತೆಯ ಬದಿಯಲ್ಲಿ ಆಲದ ಗಿಡಗಳನ್ನು ನೆಟ್ಟರು. ಎಲ್ಲವನ್ನೂ ಒಂದೇ ಸಲ ನೆಡಲಿಲ್ಲ. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಹೀಗೆ ತಮ್ಮಿಂದ ನೋಡಿಕೊಳ್ಳಲು ಆಗುವಷ್ಟನ್ನೇ ನೆಟ್ಟರು. ಹೆಚ್ಚಾಗಿ ಮಳೆಗಾಲದಲ್ಲಿಯೇ ನೆಟ್ಟರು. ದನಕರು ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಮಳೆ ಇಲ್ಲದಾಗ ದೂರದಿಂದ ನೀರು ಹೊತ್ತು ಹಾಕಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಅವರು ಸಾಕಿದ ಮರಗಳು ಇಂದು ದಾರಿಗೆ ನೆರಳಾಗಿವೆ.

ಪ್ರತಿ ವರ್ಷ ಜೂನ್ 5ರಂದು, ವಿಶ್ವ ಪರಿಸರ ದಿನದಂದು, ಎಷ್ಟೋ ಕಡೆ ಸಸಿ ನೆಡುತ್ತಾರೆ. ಅವುಗಳಲ್ಲಿ ಹಲವು ಉಳಿಯುವುದಿಲ್ಲ. ನೆಡುವುದು ಒಂದು ದಿನದ ಕೆಲಸ. ಅದಕ್ಕೆ ಮೊದಲಿನ ಹತ್ತು ದಿನ, ಆಮೇಲಿನ ಒಂದು ವರ್ಷ, ಇವೇ ಸಸಿಯನ್ನು ಉಳಿಸುವುದು.

ಮಾಡಿ ನೋಡಿ

ಒಂದೇ ದಿನ ಬಿತ್ತಿದ ಆರು ಟೊಮೆಟೊ ಸಸಿಗಳನ್ನು ಕಿಟಕಿಯ ಬಳಿ ಇಡಿ. ಎರಡು ಎಲೆ ಬಂದ ಮೇಲೆ ಮೂರು ಸಸಿಗಳ ತಲೆಯನ್ನು ದಿನವೂ ಬೆಳಿಗ್ಗೆ ಮತ್ತು ಸಂಜೆ ಅಂಗೈಯಿಂದ ಹತ್ತು ಸಲ ಮೆಲ್ಲಗೆ ಸವರಿ. ಉಳಿದ ಮೂರನ್ನು ಮುಟ್ಟಬೇಡಿ. ಎಲ್ಲಕ್ಕೂ ಒಂದೇ ಅಳತೆಯ ನೀರು ಹಾಕಿ. ಎರಡು ವಾರದ ನಂತರ ಎತ್ತರವನ್ನು ಸ್ಕೇಲಿನಿಂದ ಅಳೆದು ಪಟ್ಟಿ ಮಾಡಿ. ಯಾವ ಸಸಿಗಳು ಕುಳ್ಳಗಿವೆ? ಯಾವುದರ ಕಾಂಡ ಗಟ್ಟಿ?

ಯೋಚಿಸಿ ಉತ್ತರಿಸಿ

1. ಮಣ್ಣು ಹಸಿಯಾಗಿದ್ದರೂ ಸಸಿ ಬಾಡುವುದೇಕೆ?
2. ಸಸಿಗಳನ್ನು ಬೆಳಿಗ್ಗೆಗಿಂತ ಸಂಜೆ ನೆಡುವುದು ಏಕೆ ಒಳ್ಳೆಯದು?
3. ನಿಮ್ಮ ಊರಿನಲ್ಲಿ ಎಳೆಯ ಗಿಡಕ್ಕೆ ನೆರಳು ಕೊಡಲು ಏನೇನು ಬಳಸುತ್ತಾರೆ? ಅಜ್ಜ ಅಜ್ಜಿಯನ್ನು ಕೇಳಿ ಬರೆಯಿರಿ.