ಕಿವಿಯ ಮೇಲಂಚಿಗೆ ಯಾವ ಆಭರಣ? ಹಾಕಿಸುವ ಮುನ್ನ ತಿಳಿಯಿರಿ



ಕಿವಿಯ ಹಾಲೆಗೆ ಓಲೆ, ಜುಮಕಿ ಹಾಕುವುದರ ಜೊತೆಗೆ ಮೇಲಂಚಿಗೆ ಬುಗುಡಿ ಇಡುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಅಜ್ಜಿಯರ ಆ ಬುಗುಡಿ ಈಗ ಸಣ್ಣ ರಿಂಗ್, ಸ್ಟಡ್‌ಗಳ ರೂಪದಲ್ಲಿ ಕಾಲೇಜು ಹುಡುಗಿಯರ ಕಿವಿಗೆ ಮತ್ತೆ ಬಂದಿದೆ. ಹಾಕಿಕೊಳ್ಳುವುದು ತಪ್ಪಲ್ಲ. ಆದರೆ ಹೊಸದಾಗಿ ಚುಚ್ಚಿಸಿದ ಮೇಲ್ಗಿವಿಗೆ ಯಾವುದನ್ನು ಹಾಕಬೇಕು, ಯಾವುದನ್ನು ಹಾಕಬಾರದು ಎಂಬುದು ಗೊತ್ತಿಲ್ಲದೆ ಕಿವಿಯ ಆಕಾರವನ್ನೇ ಕಳೆದುಕೊಂಡವರಿದ್ದಾರೆ.

ನನ್ನ ಅನುಭವವನ್ನೇ ಹೇಳುತ್ತೇನೆ. ನರ್ಸಿಂಗ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಗ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ಮದುವೆಗೆ ಮೂರು ವಾರವಿರುವಾಗ ಮೇಲ್ಗಿವಿ ಚುಚ್ಚಿಸಿಕೊಂಡೆ. ಮದುವೆಯ ದಿನ ಅದರಲ್ಲಿದ್ದ ಚಿನ್ನದ ತಂತಿಯನ್ನು ತೆಗೆದು, ಒಂದು ಗ್ರಾಂ ಚಿನ್ನದ ಮುತ್ತಿನ ಬುಗುಡಿ ತೊಟ್ಟು ತಿರುಪು ಬಿಗಿದೆ. ಎರಡನೇ ದಿನ ತುರಿಕೆ, ನಾಲ್ಕನೇ ದಿನ ಬಾವು. ಸಿಸ್ಟರ್ ಕೇಳಿದರೆ ಏನು ಹೇಳುವುದೆಂದು ನಾಚಿಕೊಂಡು ಕೂದಲಿನಲ್ಲಿ ಮರೆಮಾಡಿದೆ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಾ ಒಂದು ವಾರ ಕಳೆದೆ. ಕೊನೆಗೆ ಕೀವು ತೆಗೆಯಲು ಶಸ್ತ್ರಚಿಕಿತ್ಸೆ ಬೇಕಾಯಿತು. ಕಿವಿ ಉಳಿಯಿತು, ಆದರೆ ಮೇಲಂಚು ಒಂದು ಕಡೆ ಮುದುಡಿಕೊಂಡಿದೆ. ಈ ಪಾಠ ಮಾಡುವಾಗ ವಿದ್ಯಾರ್ಥಿನಿಯರಿಗೆ ಅದನ್ನೇ ತೋರಿಸುತ್ತೇನೆ.

ಮೇಲಂಚು ಹಾಲೆಯಂತಲ್ಲ

ಕಿವಿಯ ಹಾಲೆಯಲ್ಲಿರುವುದು ಕೊಬ್ಬು ಮತ್ತು ಚರ್ಮ. ಅಲ್ಲಿ ರಕ್ತ ಸಂಚಾರ ಚೆನ್ನಾಗಿದೆ. ಚುಚ್ಚಿದ ಗಾಯ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಮೇಲಂಚಿನಲ್ಲಿರುವುದು ಮೃದ್ವಸ್ಥಿ, ಅಂದರೆ ಮೆದು ಎಲುಬು. ಇದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಅಂಟಿಕೊಂಡಿರುವ ತೆಳು ಪೊರೆಯ ಮೂಲಕವೇ ಅದಕ್ಕೆ ಆಹಾರ ಸಿಗಬೇಕು. ಆದ್ದರಿಂದ ಇಲ್ಲಿಯ ಗಾಯ ಮಾಯಲು 6 ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ.

ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದರೆ ಆಹಾರ ನಿಂತು ಮೃದ್ವಸ್ಥಿ ಸಾಯುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಕಿವಿ ಸುಕ್ಕಾಗಿ ಮುದುಡುತ್ತದೆ. ಆದ್ದರಿಂದ ಮೇಲ್ಗಿವಿಗೆ ಹಾಕುವ ಮೊದಲ ಆಭರಣವನ್ನು ಅಲಂಕಾರ ಎಂದು ನೋಡಬೇಡಿ. ಅದು ಹಸಿ ಗಾಯದೊಳಗೆ ತಿಂಗಳುಗಟ್ಟಲೆ ಇರುವ ವಸ್ತು.

ಲೋಹ ಯಾವುದಿರಬೇಕು?

ಕಿವಿ ತುರಿಸಲು ಮುಖ್ಯ ಕಾರಣ ನಿಕ್ಕಲ್ ಎಂಬ ಲೋಹ. ಒಮ್ಮೆ ನಿಕ್ಕಲ್ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಆರ್ಟಿಫಿಶಿಯಲ್ ಓಲೆ ಹಾಕಿದಾಗ, ಜೀನ್ಸ್ ಗುಂಡಿ ಅಥವಾ ವಾಚಿನ ಬಕಲ್ ತಗುಲಿದ ಜಾಗದಲ್ಲಿ ನಿಮಗೆ ತುರಿಕೆಯಾಗುತ್ತಿದ್ದರೆ ಈ ಅಲರ್ಜಿ ಇರಬಹುದು.

1. ಟೈಟಾನಿಯಂ: ಹೊಸ ಗಾಯಕ್ಕೆ ಎಲ್ಲಕ್ಕಿಂತ ಉತ್ತಮ. ಹಗುರ, ತುಕ್ಕು ಹಿಡಿಯುವುದಿಲ್ಲ. ದೇಹದೊಳಗೆ ಕೂರಿಸುವ ದರ್ಜೆಯದನ್ನೇ ಕೇಳಿ. ಅದಕ್ಕೆ ಎ.ಎಸ್.ಟಿ.ಎಂ. ಎಫ್-136 ಎಂಬ ಗುರುತಿದೆ. ದೊಡ್ಡ ಊರುಗಳಲ್ಲಿ ಕಿವಿ ಚುಚ್ಚುವ ಅಂಗಡಿಗಳಲ್ಲಿ ಸಿಗುತ್ತದೆ.

2. ಚಿನ್ನ: 14 ಅಥವಾ 18 ಕ್ಯಾರೆಟ್‌ನ ಗಟ್ಟಿ ಹಳದಿ ಚಿನ್ನ ಒಳ್ಳೆಯದು. ನಿಕ್ಕಲ್ ಬೆರೆಸಿಲ್ಲವೆಂದು ಕೇಳಿ ತಿಳಿಯಿರಿ. 22 ಕ್ಯಾರೆಟ್ ಚಿನ್ನ ಮೆದು. ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಹಾಗಾಗಿ ಅದು ಮಾಯ್ದ ಕಿವಿಗೆ ಸರಿ. ಬಿಳಿ ಚಿನ್ನದಲ್ಲಿ ನಿಕ್ಕಲ್ ಇರಬಹುದು, ಎಚ್ಚರ.

3. ಸ್ಟೀಲ್: ಸರ್ಜಿಕಲ್ ಸ್ಟೀಲ್ ಎಂದು ಮಾರುವ 316 ಎಲ್ ಸ್ಟೀಲಿನಲ್ಲೂ ನಿಕ್ಕಲ್ ಇದೆ. ಅದು ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ಹೊರಬರುವುದು ಕಡಿಮೆ. ಆದರೂ ಅಲರ್ಜಿ ಇದ್ದವರು ಹಾಕಬಾರದು.

4. ಹೊಸ ಗಾಯಕ್ಕೆ ಬೇಡವೇ ಬೇಡ: ಒಂದು ಗ್ರಾಂ ಚಿನ್ನದ್ದು, ಆಕ್ಸಿಡೈಸ್ಡ್ ಆಭರಣ, ಬೆಳ್ಳಿ, ಜರ್ಮನ್ ಸಿಲ್ವರ್. ಒಂದು ಗ್ರಾಂ ಚಿನ್ನವೆಂದರೆ ಹಿತ್ತಾಳೆ ಅಥವಾ ತಾಮ್ರದ ಮೇಲಿನ ತೆಳು ಲೇಪ. ಅದು ಸವೆದರೆ ಒಳಗಿನ ಲೋಹ ಗಾಯಕ್ಕೆ ತಗುಲುತ್ತದೆ. ಜರ್ಮನ್ ಸಿಲ್ವರ್ ಎಂಬ ಹೆಸರಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ಸತು ಮತ್ತು ನಿಕ್ಕಲ್‌ನ ಮಿಶ್ರಣ.

ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 22 ಕ್ಯಾರೆಟ್‌ಗೆ 916, 18ಕ್ಕೆ 750, 14ಕ್ಕೆ 585 ಎಂಬ ಗುರುತಿರುತ್ತದೆ. ಜೊತೆಗೆ 6 ಅಕ್ಷರ-ಅಂಕಿಗಳ ಎಚ್.ಯು.ಐ.ಡಿ. ಸಂಖ್ಯೆ ಇರಬೇಕು. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾದರೂ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಇದೆ. ಮೇಲ್ಗಿವಿಯ ಸ್ಟಡ್, ರಿಂಗ್‌ಗಳು ಹೆಚ್ಚಾಗಿ ಇಷ್ಟೇ ತೂಕದವು. ಆದ್ದರಿಂದ ನಂಬಿಕೆಯ ಅಂಗಡಿಯಲ್ಲಿ ಕೊಂಡು, ಕ್ಯಾರೆಟ್ ಬರೆದ ಬಿಲ್ ಪಡೆಯಿರಿ. ಕೆ.ಡಿ.ಎಂ. ಎನ್ನುವುದು ಹಾಲ್‌ಮಾರ್ಕ್ ಅಲ್ಲ. ಅದು ಕ್ಯಾಡ್ಮಿಯಂ ಹಾಕಿ ಮಾಡಿದ ಬೆಸುಗೆ.

ಆಕಾರ, ಅಳತೆ

ಮೊದಲ ಆಭರಣ ನೇರ ಕಡ್ಡಿಯ ಸ್ಟಡ್ ಆಗಿರಲಿ. ಹಿಂಬದಿ ಚಪ್ಪಟೆಯಾಗಿ ನಯವಾಗಿರಲಿ. ಚಿಟ್ಟೆಯಾಕಾರದ ಪ್ರೆಸ್ ಇದ್ದರೆ ಅದರ ಸಂದಿಯಲ್ಲಿ ಕೀವು, ಕೂದಲು, ಸೋಪು ಸೇರಿಕೊಳ್ಳುತ್ತವೆ. ರಿಂಗ್ ಸುತ್ತ ತಿರುಗುತ್ತಾ ಒಣಗಿದ ಹಕ್ಕಳೆಯನ್ನು ಒಳಗೆಳೆಯುತ್ತದೆ, ಬಾಚಣಿಗೆಗೂ ಸೆರಗಿಗೂ ಸಿಕ್ಕಿಕೊಳ್ಳುತ್ತದೆ. ಅದು ಆಮೇಲೆ ಇರಲಿ.

ಕಡ್ಡಿಯ ದಪ್ಪ ಸುಮಾರು 1.2 ಮಿ.ಮೀ. ಇದ್ದರೆ ಒಳ್ಳೆಯದು. ತೀರಾ ತೆಳುವಾದ ತಂತಿ ಎಳೆತ ಬಿದ್ದಾಗ ಕಿವಿಯನ್ನು ಕೊಯ್ಯುತ್ತದೆ. ಕಡ್ಡಿಯ ಉದ್ದದಲ್ಲಿ ಬಾವಿಗೆ ಜಾಗವಿರಬೇಕು. ಸಾಮಾನ್ಯವಾಗಿ ಮೊದಲು 8 ಮಿ.ಮೀ.ನಷ್ಟು ಉದ್ದದ್ದನ್ನು ಹಾಕಿ, ಬಾವು ಇಳಿದ ಮೇಲೆ ಚುಚ್ಚಿದವರಲ್ಲೇ ಹೋಗಿ ಗಿಡ್ಡದ್ದಕ್ಕೆ ಬದಲಿಸಿಕೊಳ್ಳುತ್ತಾರೆ. ಆಭರಣವು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸರಿಯುವಂತಿರಬೇಕು. ತಿರುಪು ಬಿಗಿದು ಚರ್ಮ ಒತ್ತಿಕೊಂಡರೆ ಇದ್ದಷ್ಟು ರಕ್ತ ಸಂಚಾರವೂ ನಿಲ್ಲುತ್ತದೆ. ನಾನು ಮಾಡಿದ ಎರಡನೇ ತಪ್ಪು ಅದೇ.

ಚುಚ್ಚುವ ಗನ್ ಮೇಲ್ಗಿವಿಗೆ ಬೇಡ. ಅದರ ಮೊಂಡು ಸ್ಟಡ್ ಮೃದ್ವಸ್ಥಿಯನ್ನು ಜಜ್ಜುತ್ತದೆ. ಗನ್ನಿನ ಪ್ಲಾಸ್ಟಿಕ್ ಭಾಗಗಳನ್ನು ಆಟೋಕ್ಲೇವ್‌ನಲ್ಲಿ ಶುದ್ಧಿ ಮಾಡಲೂ ಆಗುವುದಿಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಒಂದು ಅಂಗಡಿಯಲ್ಲಿ ಮೇಲ್ಗಿವಿ ಚುಚ್ಚಿಸಿಕೊಂಡ 7 ಜನರಿಗೆ ಸೂಡೋಮೊನಾಸ್ ಎಂಬ ರೋಗಾಣುವಿನ ಸೋಂಕು ದೃಢಪಟ್ಟಿತ್ತು. ಅಲ್ಲಿ ಬಳಸುತ್ತಿದ್ದ ಸೋಂಕುನಿವಾರಕದ ಬಾಟಲಿಯೇ ಕಲುಷಿತವಾಗಿತ್ತು. ಒಬ್ಬರಿಗೆ ಒಂದೇ ಸಲ ಬಳಸುವ ಹೊಸ ಸೂಜಿಯಿಂದ ಚುಚ್ಚಿಸಿ. ಪ್ಯಾಕೆಟನ್ನು ನಿಮ್ಮ ಎದುರೇ ಒಡೆಯಲು ಹೇಳಿ.

ತಾಯಂದಿರು ಕೇಳುವ ಪ್ರಶ್ನೆಗಳು

ಅಜ್ಜಿಯ ಬುಗುಡಿಯನ್ನು ಮಗಳಿಗೆ ಹಾಕಬಹುದೇ?
ಹಾಕಬಹುದು, ಆದರೆ ಕಿವಿ ಪೂರ್ತಿ ಮಾಯ್ದ ಮೇಲೆ. ಮೊದಲು ಅಕ್ಕಸಾಲಿಗರಲ್ಲಿ ಬೆಸುಗೆಯ ಒರಟು ಕಡೆ ನುಣುಪು ಮಾಡಿಸಿ, ತಿರುಪಿನ ಸಂದಿಗಳ ಕೊಳೆ ತೆಗೆಸಿ. ಭಾರದ ಬುಗುಡಿಯನ್ನು ಹಬ್ಬ, ಮದುವೆಗಳಲ್ಲಿ ಕೆಲವು ಗಂಟೆ ಮಾತ್ರ ಹಾಕಿ, ಮಲಗುವಾಗ ತೆಗೆಯಿರಿ. ಮದುವೆಗೆ ಬುಗುಡಿ ಬೇಕೆಂದಿದ್ದರೆ ಒಂದು ವರ್ಷ ಮೊದಲೇ ಚುಚ್ಚಿಸಿ. ಸಮಯವಿಲ್ಲದಿದ್ದರೆ ತೂತಿಲ್ಲದೆ ಸಿಕ್ಕಿಸುವ ಬುಗುಡಿಗಳಿವೆ. ಅವೂ ಬಿಗಿಯಾಗಿರಬಾರದು.

ತೂತು ಮುಚ್ಚದಂತೆ ಕಸಬರಿಗೆ ಕಡ್ಡಿ, ಬೇವಿನ ಕಡ್ಡಿ ಇಡಬಹುದೇ?
ಖಂಡಿತ ಬೇಡ. ಒರಟು ಕಡ್ಡಿ ಗಾಯ ಕೆರೆಯುತ್ತದೆ, ರೋಗಾಣು ಒಯ್ಯುತ್ತದೆ.

ಆಪರೇಷನ್ ಮುಂಚೆ ತೆಗೆಯಬೇಕೇ?
ಹೌದು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣದಿಂದ ಲೋಹವಿರುವ ಜಾಗ ಸುಡುವ ಅಪಾಯವಿದೆ. ಎಂ.ಆರ್.ಐ. ಕೋಣೆಗೂ ಲೋಹ ತರಬಾರದು. ಹೊಸದಾಗಿ ಚುಚ್ಚಿಸಿದ್ದರೆ ಹಿಂದಿನ ದಿನವೇ ಸಿಸ್ಟರ್‌ಗೆ ತಿಳಿಸಿ.

ದಿನದ ಆರೈಕೆ ಹೇಗೆ?
ಕೈ ಸೋಪಿನಿಂದ ತೊಳೆದ ಮೇಲೆಯೇ ಮುಟ್ಟಿ. ಔಷಧಿ ಅಂಗಡಿಯ ನಾರ್ಮಲ್ ಸಲೈನ್‌ನಿಂದ ದಿನಕ್ಕೆ ಎರಡು ಸಲ ಒರೆಸಿ. ಎಣ್ಣೆ, ಅರಿಶಿನ, ಸುಣ್ಣ, ಸ್ಪಿರಿಟ್ ಹಚ್ಚಬೇಡಿ. ಆಭರಣ ತಿರುಗಿಸಬೇಡಿ, ಆ ಮಗ್ಗುಲಿಗೆ ಮಲಗಬೇಡಿ. ಟಿ.ಡಿ. ಚುಚ್ಚುಮದ್ದು, ಅಂದರೆ ಹಿಂದಿನ ಟಿ.ಟಿ., ಆಗಿದೆಯೇ ಎಂದು ವಿಚಾರಿಸಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗಾಯದ ಕಲೆ ಗಂಟಾಗಿ ಬೆಳೆಯುವವರು ಚುಚ್ಚಿಸುವ ಮೊದಲೇ ವೈದ್ಯರನ್ನು ಕಾಣಿರಿ.

ತಡಮಾಡದೆ ಆಸ್ಪತ್ರೆಗೆ ಬನ್ನಿ

• ಮೇಲ್ಗಿವಿ ಕೆಂಪಾಗಿ, ಬಿಸಿಯಾಗಿ ಊದಿದ್ದು, ಹಾಲೆ ಮಾತ್ರ ಮೊದಲಿನಂತಿದ್ದರೆ
• ಮುಟ್ಟಿದರೆ ತಡೆಯಲಾಗದ ನೋವಿದ್ದರೆ
• ಹಳದಿ ಅಥವಾ ಹಸಿರು ಕೀವು ಬಂದರೆ
• ಜ್ವರ ಬಂದರೆ
• ಆಭರಣ ಚರ್ಮದೊಳಗೆ ಹೂತುಹೋಗಿದ್ದರೆ

ಆಭರಣವನ್ನು ಮನೆಯಲ್ಲಿ ನೀವೇ ಕಿತ್ತು ತೆಗೆಯಬೇಡಿ. ತೂತು ಮುಚ್ಚಿ ಕೀವು ಒಳಗೆ ಉಳಿಯಬಹುದು. ತೆಗೆಯಬೇಕೋ ಬೇಡವೋ ವೈದ್ಯರು ನಿರ್ಧರಿಸುತ್ತಾರೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗಬೇಡಿ. ಎಲ್ಲ ಆಂಟಿಬಯೋಟಿಕ್‌ಗಳೂ ಸೂಡೋಮೊನಾಸ್ ರೋಗಾಣುವಿಗೆ ನಾಟುವುದಿಲ್ಲ.

ತಾಯಂದಿರಲ್ಲಿ ಒಂದು ವಿನಂತಿ. ಮಗಳು ನಿಮಗೆ ಹೇಳದೆ ಚುಚ್ಚಿಸಿಕೊಂಡು ಬಂದಿದ್ದರೂ ಮೊದಲು ಬೈಯಬೇಡಿ, ಕಿವಿ ನೋಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಚಿಕಿತ್ಸೆಯ ದಿನಗಳು ಕೈತಪ್ಪುತ್ತವೆ. ನನಗೆ ಆದದ್ದೂ ಅದೇ. ಸಂಶಯವಿದ್ದರೆ ನಮ್ಮ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.